ಹೆಬ್ಬೆರಳಿಗೆ ಸಿಗದ ಕೀ: ತಪ್ಪು ಅಜ್ಜಿಯದಲ್ಲ, ಕೀಪ್ಯಾಡ್‌ದು!

ಹಾವೇರಿ: ಕಿರಾಣಿ ಅಂಗಡಿಯಲ್ಲಿ ದುಡ್ಡು ಕಳಿಸುವಾಗ ನಮ್ಮ ಅಜ್ಜಿ ಮೊಬೈಲನ್ನು ಅಂಗಡಿ ಹುಡುಗನ ಕೈಗೆ ಕೊಟ್ಟು, ಪಿನ್ ನಂಬರ್ ಕೂಡ ಹೇಳಿಬಿಟ್ಟರು. ಯಾಕೆ ಅಂತ ಕೇಳಿದರೆ, "ನನ್ನ ಬಟ್ಟು ದಪ್ಪ ಐತಿ ತಮ್ಮಾ, ಒಂದ್ ಒತ್ತಿದ್ರ ಇನ್ನೊಂದ್ ಬೀಳ್ತೈತಿ" ಅಂದರು. ಹಲವರ ಮನೆಯಲ್ಲಿ ಇದೇ ಕಥೆ. ಹಾಗಾದ್ರೆ ಸಮಸ್ಯೆ ಎಲ್ಲಿದೆ?

ಜಾಗದ ಲೆಕ್ಕ

ಫೋನ್ ಸ್ಕ್ರೀನ್ ಅಗಲ ಸುಮಾರು 7 ಸೆಂ.ಮೀ. ಒಂದು ಸಾಲಿನಲ್ಲಿ 10 ಕೀ ಕೂರಿಸಿದರೆ ಒಂದಕ್ಕೆ ಸಿಗೋದು 7 ಮಿ.ಮೀ. ಮಾತ್ರ. ಆದರೆ ಬೆರಳಿನಿಂದ ಒತ್ತುವ ಬಟನ್‌ಗೆ ಸುಮಾರು 9 ಮಿ.ಮೀ. ಜಾಗ ಇರಲಿ ಅನ್ನೋದು ಆಂಡ್ರಾಯ್ಡ್ ಆಪ್ ಮಾಡುವವರಿಗೆ ಗೂಗಲ್ ಕೊಡುವ ಸಲಹೆ. ಜೊತೆಗೆ, ಒತ್ತುವಾಗ ಹೆಬ್ಬೆರಳೇ ಕೀಯನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಒತ್ತಿದ ಅಕ್ಷರ ಬೆರಳಿನ ಮೇಲ್ಗಡೆ ದೊಡ್ಡದಾಗಿ ಕಾಣುವಂತೆ ಮಾಡಿರುತ್ತಾರೆ.

ಕನ್ನಡದಲ್ಲಿ ಕೆಲಸ ಇನ್ನೂ ಜಾಸ್ತಿ. 'ಅಪ್ಪ' ಅಂತ ಬರೆಯಲು ಅ, ಪ, ್, ಪ ಎಂದು ನಾಲ್ಕು ಸಲ ಒತ್ತಬೇಕು.

ವಯಸ್ಸಿಗೆ ತಕ್ಕ ಕಷ್ಟ

ಕಾಲೇಜು ಹುಡುಗರು ಎರಡೂ ಹೆಬ್ಬೆರಳಲ್ಲಿ ಪಟಪಟ ಟೈಪ್ ಮಾಡ್ತಾರೆ. ಚಿಕ್ಕ ಮಕ್ಕಳ ಹೆಬ್ಬೆರಳು ಆ ತುದಿಯ ಕೀವರೆಗೆ ಹೋಗಲ್ಲ. ಹಿರಿಯರ ಬೆರಳಿನ ಚರ್ಮ ಒಣಗಿದ್ದರೆ ಟಚ್ ಸರಿಯಾಗಿ ಹಿಡಿಯಲ್ಲ. ಕೈ ನಡುಗಿದರೆ ಒಂದು ಒತ್ತು ಎರಡಾಗುತ್ತದೆ. ನಿಧಾನವಾಗಿ ಒತ್ತಿದರೆ ಫೋನ್ ಅದನ್ನು 'ಲಾಂಗ್ ಪ್ರೆಸ್' ಅಂದುಕೊಂಡು ಬೇರೇನೋ ತೆರೆಯುತ್ತದೆ.

ಈಗಲೇ ಮಾಡಬಹುದಾದದ್ದು

ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಎತ್ತರ ಹೆಚ್ಚಿಸಿ, ಒತ್ತಿದಾಗ ವೈಬ್ರೇಟ್ ಆಗುವಂತೆ ಮಾಡಿ. ಒಂದೇ ಕೈಯಲ್ಲಿ ಬಳಸುವವರಿಗೆ 'ಒನ್ ಹ್ಯಾಂಡೆಡ್ ಮೋಡ್' ಇದೆ. ಆದರೆ ಅದರಲ್ಲಿ ಕೀಗಳು ಚಿಕ್ಕದಾಗುತ್ತವೆ, ಹಿರಿಯರಿಗೆ ಬೇಡ. ಆಂಡ್ರಾಯ್ಡ್‌ನ ಆಕ್ಸೆಸಿಬಿಲಿಟಿಯಲ್ಲಿ 'ಟಚ್ ಆಂಡ್ ಹೋಲ್ಡ್ ಡಿಲೇ' ಅನ್ನು 'ಲಾಂಗ್'ಗೆ ಇಡಿ. ಮೆಸೇಜ್‌ಗೆ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿದರೂ ಸಾಕು.

ಯುಪಿಐ ಪಿನ್ ಪುಟದ ಕೀಪ್ಯಾಡ್ ಬೇರೆ, ಈ ಕೀಬೋರ್ಡ್ ಸೆಟ್ಟಿಂಗ್ ಅಲ್ಲಿ ನಡೆಯಲ್ಲ. ಆದರೆ ಅಲ್ಲಿ ಸಾಲಿಗೆ ಮೂರೇ ಕೀ, ಜಾಗ ಧಾರಾಳ. ಅಂಕಿಗಳ ಕ್ರಮವೂ ಹಳೇ ಬಟನ್ ಫೋನಿನದ್ದೇ: ಮೇಲೆ 1-2-3, ನಡುವೆ 5. ಬಟನ್ ಫೋನ್ ಬಳಸಿದವರಿಗೆ ಹೀಗೆ ಹೇಳಿಕೊಟ್ಟರೆ ಬೇಗ ಕೈ ಹಿಡಿಯುತ್ತದೆ. ಫೋನ್ ಟೇಬಲ್ ಮೇಲಿಟ್ಟು ತೋರುಬೆರಳಲ್ಲಿ ಒತ್ತಿಸಿ. ಟಚ್ ಫೋನೇ ಬೇಡ ಅನ್ನುವವರಿಗೆ 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ 'ಯುಪಿಐ 123ಪೇ' ಬಟನ್ ಫೋನಿನಲ್ಲೇ ನಡೆಯುತ್ತದೆ.

ಅಜ್ಜಿಗೆ ಈಗ ಪಿನ್ ಹಾಕಲು ಅರ್ಧ ನಿಮಿಷ ಬೇಕು. ಹಿಂದೆ ನಿಂತವರು ಸ್ವಲ್ಪ ಕಾಯಲಿ ಬಿಡಿ. ಪಿನ್ ಮಾತ್ರ ಅವರ ಹತ್ತಿರಾನೇ ಇರಲಿ.