ನೆರಳು ಕೇಡಲ್ಲ

ಆಡಕಿಯ ಬೇಸಿಗೆಯಲ್ಲಿ ದಾರಿಹೋಕನಿಗೆ ಬೇವಿನ ನೆರಳೇ ಆಸರೆ. ನೆರಳು ಕೆಟ್ಟದ್ದೆಂದರೆ ಅವನು ನಕ್ಕಾನು. ಆದರೆ ಚೀನೀಯರ ಯಿನ್–ಯಾಂಗ್ ತತ್ತ್ವಕ್ಕೆ ಪಾಶ್ಚಾತ್ಯರಲ್ಲಿ ಹಲವರು ಇಂಥದೇ ಅರ್ಥ ಕಟ್ಟಿದರು: ಕಪ್ಪು ಕೆಡುಕು, ಬಿಳುಪು ಒಳಿತು. ಮೂಲದಲ್ಲಿ ಯಿನ್ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಬಿಸಿಲಿನ ಮಗ್ಗುಲು. ಹಗಲು ಇರುಳಿಗೆ, ಇರುಳು ಹಗಲಿಗೆ ಎಡೆಗೊಡುವಂತೆ ಅವೆರಡೂ ಪರಸ್ಪರ ಪೂರಕ.

ಜೈನ ದರ್ಶನದ ಧರ್ಮ, ಅಧರ್ಮ ಎಂಬ ದ್ರವ್ಯಗಳಿಗೂ ಇದೇ ಪಾಡು ಒದಗಿದೆ. ಹೆಸರು ಕೇಳಿದವರು ಪುಣ್ಯ–ಪಾಪವೆಂದು ಭಾವಿಸುತ್ತಾರೆ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ 5ನೆಯ ಅಧ್ಯಾಯದಂತೆ ಧರ್ಮದ್ರವ್ಯವು ಜೀವ–ಪುದ್ಗಲಗಳ ಚಲನೆಗೆ, ಅಧರ್ಮದ್ರವ್ಯವು ಅವುಗಳ ನಿಲುಗಡೆಗೆ ನೆರವಾಗುತ್ತದೆ. ಮಳಖೇಡದ ಬಳಿ ಹರಿವ ಕಾಗಿಣಾ ನದಿಯ ಮೀನಿಗೆ ನೀರಿದ್ದಂತೆ ಮೊದಲನೆಯದು. ದಣಿದ ಪಥಿಕನಿಗೆ ಮರದ ನೆರಳಿದ್ದಂತೆ ಎರಡನೆಯದು. ನೀರು ಮೀನನ್ನು ತಳ್ಳದು, ನೆರಳು ಪಥಿಕನನ್ನು ಹಿಡಿದು ನಿಲ್ಲಿಸದು.

ಎರಡು ದರ್ಶನಗಳೂ ಒಂದೇ ಎನ್ನಲಾಗದು. ಯಿನ್–ಯಾಂಗ್ ಒಂದು ಇನ್ನೊಂದಾಗಿ ಹೊರಳುತ್ತವೆ. ಧರ್ಮಾಧರ್ಮ ದ್ರವ್ಯಗಳು ಎಂದಿಗೂ ಬೇರೆಬೇರೆ.

‘ಒಳಿತಿದ್ದಲ್ಲಿ ಕೆಡುಕೂ ಬೇಕು’ ಎಂದು ಯಿನ್–ಯಾಂಗ್ ಹೆಸರಿನಲ್ಲಿ ತಪ್ಪನ್ನು ಸಮರ್ಥಿಸುವವರೂ ಉಂಟು. ಹಿಂಸೆಯನ್ನು ನೆರಳೆಂದು ಕರೆದ ಮಾತ್ರಕ್ಕೆ ಅದು ಹಿಂಸೆಯಾಗದೆ ಉಳಿಯದು. ಆದರೆ ಮೌನ, ವಿಶ್ರಾಂತಿ, ಮುಪ್ಪಿನ ನಿಧಾನಗತಿ ಇವು ಕೇಡಲ್ಲ. ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತ ಹಿರಿಯರನ್ನು ನಿಷ್ಪ್ರಯೋಜಕರೆಂದು ಬಗೆಯುವ ಮುನ್ನ ನೆನೆಯೋಣ: ನಿಲ್ಲುವುದಕ್ಕೂ ಈ ಲೋಕದಲ್ಲಿ ಒಂದು ದ್ರವ್ಯವೇ ಇದೆ.