ಹರಿದ ಸ್ನಾಯುವೂ ರಕ್ತದ ಕಿರುಬಿಲ್ಲೆಗಳೂ

ಬ್ರಹ್ಮಸಮುದ್ರದ ಸುತ್ತಣ ಹಳ್ಳಿಗಳ ಬಾಲಕ ಬಾಲಕಿಯರಿಗೆ ಕಬಡ್ಡಿ, ಖೋ-ಖೋ, ಓಟಗಳೆಂದರೆ ಬಲು ಪ್ರೀತಿ. ರಭಸದಿಂದ ಓಡುವಾಗ ತೊಡೆಯ ಹಿಂಭಾಗದಲ್ಲಿ ಥಟ್ಟನೆ ನೋವೆದ್ದು ಹೆಜ್ಜೆ ಮುಂದಿಡಲಾಗದಂತಾಗುವುದುಂಟು. ಸ್ನಾಯುವಿನ ಎಳೆಗಳು ಅತಿಯಾಗಿ ಹಿಗ್ಗಿ ಹರಿದುದರ ಲಕ್ಷಣವಿದು. ಇದಕ್ಕೆ ‘ಪಿ.ಆರ್.ಪಿ.’ ಎಂಬ ಚುಚ್ಚುಮದ್ದು ಉಂಟೆಂಬ ಮಾತು ಈಚೆಗೆ ಕೇಳಿಬರುತ್ತಿದೆ. ಬೆಂಗಳೂರಿನವರೆಗೆ ಹೋಗಿ ಹಣ ವೆಚ್ಚಮಾಡುವ ಮುನ್ನ ಅದರ ಸ್ವರೂಪವನ್ನು ಅರಿಯುವುದು ಲೇಸೆಂದು ಭಾವಿಸಿ ಕೆಲವು ವಿಷಯಗಳನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ರಕ್ತದಲ್ಲಿ ಕೆಂಪು ಕಣ, ಬಿಳಿ ಕಣಗಳಲ್ಲದೆ ಪ್ಲೇಟ್‌ಲೆಟ್‌ಗಳೆಂಬ ಕಿರುಬಿಲ್ಲೆಗಳೂ ಇವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1,50,000ದಿಂದ 4,50,000ದವರೆಗೆ ಇರುತ್ತವೆ. ರಕ್ತ ಹೆಪ್ಪುಗಟ್ಟುವುದರಲ್ಲಿ ಇವುಗಳ ಪಾತ್ರವನ್ನು ಇಟಲಿಯ ಬಿಜೊಜೆರೊ ಎಂಬ ವಿಜ್ಞಾನಿಯು 1882ರಲ್ಲಿ ವಿವರಿಸಿದನು. ಗಾಯವಾದೆಡೆ ಇವು ಒಟ್ಟುಗೂಡಿ ರಕ್ತಸ್ರಾವವನ್ನು ತಡೆಯುತ್ತವೆ. ಹೊಸ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ದ್ರವ್ಯಗಳನ್ನೂ ಹೊರಸೂಸುತ್ತವೆ.

ಪಿ.ಆರ್.ಪಿ. ತಯಾರಿಸಲು ರೋಗಿಯ ತೋಳಿನಿಂದಲೇ ಸ್ವಲ್ಪ ರಕ್ತವನ್ನು ತೆಗೆದು, ಗಿರಗಿರನೆ ತಿರುಗುವ ಯಂತ್ರದಲ್ಲಿಡುತ್ತಾರೆ. ಭಾರವಾದ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ; ಮೇಲೆ ಹಳದಿ ಬಣ್ಣದ ಪ್ಲಾಸ್ಮಾ ಉಳಿಯುತ್ತದೆ. ಕಿರುಬಿಲ್ಲೆಗಳು ದಟ್ಟವಾಗಿರುವ ಪ್ಲಾಸ್ಮಾವನ್ನು ಬೇರ್ಪಡಿಸಿ, ಹರಿದ ಸ್ನಾಯುವಿನೊಳಕ್ಕೆ ಚುಚ್ಚುತ್ತಾರೆ. ನಿಸರ್ಗವು ಮಾಡುವ ಕಾರ್ಯವನ್ನು ತ್ವರೆಗೊಳಿಸುವುದೇ ಇದರ ಉದ್ದೇಶ.

ಆಲೋಚನೆಯು ಸೊಗಸಾದುದೇ. ಆದರೆ ಸೊಗಸಾದ ಆಲೋಚನೆಯೆಲ್ಲವೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. 2014ರಲ್ಲಿ ಪ್ರಕಟವಾದ ಮಲೇಷ್ಯಾ ದೇಶದ ಒಂದು ಪರೀಕ್ಷೆಯಲ್ಲಿ 28 ಮಂದಿಯ ಪೈಕಿ ಚುಚ್ಚುಮದ್ದು ಪಡೆದವರು ಸರಾಸರಿ 27 ದಿನಗಳಲ್ಲಿಯೂ, ಉಳಿದವರು 42 ದಿನಗಳಲ್ಲಿಯೂ ಆಟಕ್ಕೆ ಮರಳಿದರು. ಆದರೆ ತನಗೆ ಮದ್ದು ಸಿಕ್ಕಿತೋ ಇಲ್ಲವೋ ಎಂಬುದು ಅಲ್ಲಿ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದೇ ವರ್ಷ ಪ್ರಕಟವಾದ ನೆದರ್ಲೆಂಡ್ಸ್ ದೇಶದ ಪರೀಕ್ಷೆಯಲ್ಲಿ 80 ಕ್ರೀಡಾಳುಗಳಲ್ಲಿ ಕೆಲವರಿಗೆ ಪಿ.ಆರ್.ಪಿ.ಯನ್ನೂ, ಉಳಿದವರಿಗೆ ಬರಿಯ ಉಪ್ಪುನೀರಿನ ದ್ರಾವಣವನ್ನೂ ಗುಟ್ಟಾಗಿ ಚುಚ್ಚಲಾಯಿತು. ಎರಡು ಗುಂಪುಗಳಿಗೂ ಮಧ್ಯಮ ಅವಧಿ 42 ದಿನಗಳೇ ಆಯಿತು! ಮತ್ತೆ ಪೆಟ್ಟಾದವರ ಪ್ರಮಾಣದಲ್ಲಿಯೂ ಗಣನೀಯ ಭೇದವಿರಲಿಲ್ಲ. ಮನಸ್ಸಿನ ನಂಬಿಕೆಯನ್ನೂ ಮದ್ದಿನ ಗುಣವನ್ನೂ ಬೇರ್ಪಡಿಸಿ ನೋಡುವುದು ಏಕೆ ಅಗತ್ಯವೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಮನಗಾಣಬಹುದು.

ಹೆಸರಾಂತ ಆಟಗಾರರಿಗೂ ಕಾಲವು ರಿಯಾಯಿತಿ ಕೊಡುವುದಿಲ್ಲ. ಕರ್ನಾಟಕದ ಕೆ. ಎಲ್. ರಾಹುಲ್ ಅವರು 2023ರ ಮೇ 1ರಂದು ಲಖನೌದಲ್ಲಿ ಚೆಂಡನ್ನು ಬೆನ್ನಟ್ಟುವಾಗ ತೊಡೆಗೆ ತೀವ್ರ ಪೆಟ್ಟುಮಾಡಿಕೊಂಡರು. ಶಸ್ತ್ರಚಿಕಿತ್ಸೆಯ ಬಳಿಕ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಸಾಧನೆ ಮಾಡಿ, ಸೆಪ್ಟೆಂಬರಿನಲ್ಲಿ ಕೊಲಂಬೋ ಮೈದಾನಕ್ಕೆ ಮರಳಿ ಶತಕ ಬಾರಿಸಿದರು.

ಹಾಗಾದರೆ ನಾವು ಮಾಡತಕ್ಕದ್ದೇನು? ಪೆಟ್ಟಾದೊಡನೆ ಆಟವನ್ನು ನಿಲ್ಲಿಸಬೇಕು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಬೇಕು. ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು ಸಲ್ಲದು. ಒಳಗಿನ ರಕ್ತಸ್ರಾವವು ಅದರಿಂದ ಹೆಚ್ಚಬಹುದು. ನೋವು ತಗ್ಗಿದ ಮೇಲೆ ನಡಿಗೆ, ಬಳಿಕ ಸ್ನಾಯುವಿಗೆ ಬಲಕೊಡುವ ವ್ಯಾಯಾಮ, ಕಡೆಗೆ ಓಟ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯಬೇಕು.

ಪಾಲಕರಿಗೆ ಇನ್ನೊಂದು ಮಾತು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಸ್ನಾಯು ಹರಿಯುವ ಬದಲು, ಅದು ಅಂಟಿಕೊಂಡಿರುವ ಎಲುಬಿನ ತುಣುಕೇ ಕಿತ್ತು ಬರುವುದುಂಟು. ಮಗು ಕಾಲೂರಲಾರದಿದ್ದರೆ, ಊತವೋ ನೀಲಿಗಟ್ಟಿದ ಗುರುತೋ ಹೆಚ್ಚಾಗಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಎಕ್ಸ್-ರೇ ತೆಗೆಸಬೇಕು. ಪಂದ್ಯ ಹತ್ತಿರವಿದೆಯೆಂದು ನೋವನ್ನು ಮುಚ್ಚಿಡುವ ಮಗುವನ್ನು ಗದರಿಸದೆ ಕೇಳಿ ತಿಳಿದುಕೊಳ್ಳಿ. ದುಬಾರಿ ಚುಚ್ಚುಮದ್ದಿಗೆ ಸಾಲಮಾಡುವುದಕ್ಕಿಂತ ಆ ಮಗುವಿಗೆ ಆರು ವಾರಗಳ ಬಿಡುವು ಕೊಡುವುದು ಮೇಲೆಂದು ನಾವು ನಂಬಿದ್ದೇವೆ.