ಸೋಲು ಎದುರಿಗಿದ್ದಾಗ ಆಡಿದ ಮಾತು

ಚುನಾವಣಾ ಪ್ರಚಾರವೊಂದರ ನಿಜವಾದ ಗುಣ ತಿಳಿಯುವುದು ಅದರ ಕೊನೆಯ ವಾರಗಳಲ್ಲಿ. ಆರಂಭದಲ್ಲಿ ನೀತಿ, ತತ್ತ್ವಗಳ ಮಾತಾಡಿದವರು ಮತದಾನ ಹತ್ತಿರವಾದಂತೆ ಕೈಗೆ ಸಿಕ್ಕ ಆಯುಧವನ್ನೇ ಎತ್ತಿಕೊಳ್ಳುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರ ಆಯ್ಕೆ ನಡೆಯುವುದು ನವೆಂಬರ್ ಮೊದಲ ಸೋಮವಾರದ ಮರುದಿನ. ಅದರ ಹಿಂದಿನ ತಿಂಗಳಲ್ಲಿ ಸಿಡಿಯುವ ಆಪಾದನೆ, ಬಹಿರಂಗಗಳಿಗೆ ‘ಅಕ್ಟೋಬರ್ ಸರ್‌ಪ್ರೈಸ್’ ಎಂಬ ಹೆಸರೇ ಬಿದ್ದಿದೆ. ನಮ್ಮಲ್ಲಿ ಮತದಾನ ಮುಗಿಯುವ 48 ಗಂಟೆಗಳ ಮೊದಲು ಬಹಿರಂಗ ಪ್ರಚಾರಕ್ಕೆ ತೆರೆ ಬೀಳುತ್ತದೆ. ಅಲ್ಲಿ ಅಂಥ ಮೌನದ ಅವಧಿಯಿಲ್ಲ. ನಾಲಿಗೆಗೆ ಕಡಿವಾಣ ಹಾಕಬೇಕಾದವರು ಅಭ್ಯರ್ಥಿಗಳೇ.

ಈ ದೃಷ್ಟಿಯಿಂದ 2008ರ ಅಕ್ಟೋಬರ್ ನನ್ನ ನೆನಪಿನಲ್ಲಿ ಅಚ್ಚೊತ್ತಿ ನಿಂತಿದೆ. ಬರಾಕ್ ಒಬಾಮ ಮತ್ತು ಜಾನ್ ಮೆಕೇನ್ ಅವರ ಮೂರು ಚರ್ಚೆಗಳೂ ನಮ್ಮ ಗಡಿಯಾರದಲ್ಲಿ ಬೆಳಗಿನ 6.30ಕ್ಕೆ ಆರಂಭವಾಗುತ್ತಿದ್ದವು. ಬೆಂಗಳೂರಿನಲ್ಲಿ ಅವನ್ನು ನೋಡುತ್ತಿದ್ದ ನನ್ನಂಥವರಿಗೆ ಅದು ಬರಿಯ ಪರದೇಶದ ಕುತೂಹಲವಾಗಿರಲಿಲ್ಲ. ವಾಲ್‌ಸ್ಟ್ರೀಟಿನ ಬ್ಯಾಂಕುಗಳ ತಂತ್ರಾಂಶದ ಕೆಲಸ ನಮ್ಮ ಊರಿನ ಕಚೇರಿಗಳಲ್ಲೂ ನಡೆಯುತ್ತಿತ್ತು. ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ಅದೇ ದಿನ ಮೆಕೇನ್, ಅರ್ಥವ್ಯವಸ್ಥೆಯ ತಳಹದಿ ಭದ್ರವಾಗಿದೆ ಎಂದರು. 29ರಂದು ಪ್ರತಿನಿಧಿ ಸಭೆ 70 ಸಾವಿರ ಕೋಟಿ ಡಾಲರುಗಳ ನೆರವಿನ ಮಸೂದೆಯನ್ನು ತಿರಸ್ಕರಿಸಿದಾಗ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 777 ಅಂಶ ಕುಸಿಯಿತು. ನಾಲ್ಕು ದಿನಗಳ ನಂತರ ಮಸೂದೆ ಅಂಗೀಕಾರವಾಯಿತಾದರೂ ಮೆಕೇನ್ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು.

ಹಿಂದೆ ಬಿದ್ದವರಿಗೆ ಹತ್ತಿರದ ದಾರಿ ಯಾವುದು? ಎದುರಾಳಿಯ ಬಗ್ಗೆ ಭಯ ಹುಟ್ಟಿಸುವುದು. ಆ ದಾರಿ ಆಗಲೇ ತೆರೆದಿತ್ತು. ಉಪಾಧ್ಯಕ್ಷ ಸ್ಥಾನಕ್ಕೆ ಮೆಕೇನ್ ತಾವೇ ಆರಿಸಿಕೊಂಡಿದ್ದ ಸಾರಾ ಪೇಲಿನ್, ಒಬಾಮ ಭಯೋತ್ಪಾದಕರೊಂದಿಗೆ ಗೆಳೆತನ ಬೆಳೆಸಿದವರು ಎಂದು ಸಭೆಗಳಲ್ಲಿ ಹೇಳತೊಡಗಿದ್ದರು. ಒಬಾಮರ ಹೆಸರಿನ ನಡುವಿನ ‘ಹುಸೇನ್’ ಎಂಬ ಪದವನ್ನು ಒತ್ತಿ ಉಚ್ಚರಿಸುವವರೂ ಇದ್ದರು. ಆದ್ದರಿಂದ ಮೆಕೇನ್ ಪಾಳೆಯವನ್ನು ನಿಷ್ಕಳಂಕವೆಂದು ಹೇಳಲು ನಾನು ಹೊರಟಿಲ್ಲ.

ಆದರೆ ಅಕ್ಟೋಬರ್ 10ರಂದು ಮಿನ್ನೆಸೋಟದ ಲೇಕ್‌ವಿಲ್ ಎಂಬ ಊರಿನಲ್ಲಿ ಇನ್ನೊಂದು ಬಗೆಯ ಘಟನೆ ನಡೆಯಿತು. ಸಭಿಕನೊಬ್ಬ, ಒಬಾಮ ಅಧ್ಯಕ್ಷರಾದರೆಂಬ ಯೋಚನೆಯೇ ತನಗೆ ಭಯ ತರುತ್ತದೆ ಎಂದ. ಅವರು ಸಭ್ಯ ವ್ಯಕ್ತಿ, ಅವರ ಅಧ್ಯಕ್ಷತೆಗೆ ಹೆದರಬೇಕಾದ್ದಿಲ್ಲ ಎಂದು ಮೆಕೇನ್ ಉತ್ತರಿಸಿದಾಗ ಸ್ವಪಕ್ಷದವರೇ ಅಸಮ್ಮತಿಯಿಂದ ಕೂಗಿದರು. ಬಳಿಕ ಮಹಿಳೆಯೊಬ್ಬರು, ಒಬಾಮರನ್ನು ನಂಬಲಾರೆ, ಅವರು ಅರಬ್ ಎಂದರು. ಮೆಕೇನ್ ಅವರ ಕೈಯಿಂದ ಮೈಕ್ ತೆಗೆದುಕೊಂಡು ತಲೆಯಾಡಿಸಿದರು. ಇಲ್ಲ, ಅವರು ಸಭ್ಯ ಕುಟುಂಬಸ್ಥರು, ಈ ದೇಶದ ಪ್ರಜೆ. ಮೂಲಭೂತ ವಿಷಯಗಳಲ್ಲಿ ಅವರೊಂದಿಗೆ ನನಗೆ ಭಿನ್ನಾಭಿಪ್ರಾಯಗಳಿವೆ, ಅಷ್ಟೆ ಎಂದರು. ಗೆಲುವು ಕೈಜಾರುತ್ತಿದ್ದಾಗ, ತಮ್ಮ ಮತದಾರರ ಮುಖಕ್ಕೆ ನೇರವಾಗಿ ಆಡಿದ ಮಾತು ಅದು.

ಆ ಉತ್ತರ ಪೂರ್ಣವಾಗಿತ್ತೆ? ನನಗೆ ಹಾಗೆ ಅನಿಸಿಲ್ಲ. ‘ಅರಬ್’ ಎಂಬ ಮಾತಿಗೆ ‘ಇಲ್ಲ, ಸಭ್ಯರು’ ಎಂಬುದು ಉತ್ತರವಾದರೆ, ಅರಬರು ಸಭ್ಯರಲ್ಲವೆಂಬ ಧ್ವನಿ ಅದರಲ್ಲಿ ಉಳಿದುಬಿಡುತ್ತದೆ. ಆ ಕೊರತೆಯನ್ನು ಒಂಬತ್ತು ದಿನಗಳ ನಂತರ ತುಂಬಿದವರು ಕೊಲಿನ್ ಪೊವೆಲ್. ಬುಷ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ ಈ ರಿಪಬ್ಲಿಕನ್, ಟಿ.ವಿ. ಸಂದರ್ಶನದಲ್ಲಿ ಒಬಾಮರಿಗೆ ಬೆಂಬಲ ಘೋಷಿಸುತ್ತ, ಅವರು ಕ್ರೈಸ್ತರು ಎಂಬುದು ಸರಿಯಾದ ಉತ್ತರ, ಆದರೆ ಮುಸ್ಲಿಮರೇ ಆಗಿದ್ದರೆ ತಾನೇ ಏನು ಎಂಬುದು ನಿಜಕ್ಕೂ ಸರಿಯಾದ ಉತ್ತರ ಎಂದರು. ಇರಾಕ್‌ನಲ್ಲಿ ಮಡಿದ ಇಪ್ಪತ್ತು ವರ್ಷದ ಅಮೆರಿಕನ್ ಯೋಧನ ಸಮಾಧಿಗೆ ತಲೆಯಾನಿಸಿ ಕುಳಿತ ತಾಯಿಯ ಛಾಯಾಚಿತ್ರವನ್ನು ಅವರು ನೆನೆದರು. ಆ ಸಮಾಧಿಯ ಕಲ್ಲಿನ ಮೇಲಿದ್ದುದು ಶಿಲುಬೆಯಲ್ಲ, ಅರ್ಧಚಂದ್ರ ಮತ್ತು ನಕ್ಷತ್ರ.

ನವೆಂಬರ್ 4ರಂದು ಒಬಾಮ 365 ಎಲೆಕ್ಟೋರಲ್ ಮತಗಳಿಂದ ಗೆದ್ದರು. ಮೆಕೇನ್‌ಗೆ ದಕ್ಕಿದ್ದು 173. ಫೀನಿಕ್ಸ್‌ನಲ್ಲಿ ಸೋಲೊಪ್ಪಿಕೊಂಡ ಮೆಕೇನ್, ಒಬಾಮರ ಹೆಸರಿಗೆ ಧಿಕ್ಕಾರ ಕೂಗಿದ ಬೆಂಬಲಿಗರನ್ನು ಸುಮ್ಮನಾಗಿಸಿದರು. ವೈಫಲ್ಯ ನನ್ನದು, ನಿಮ್ಮದಲ್ಲ ಎಂದರು. 2018ರಲ್ಲಿ ಅವರು ತೀರಿಕೊಂಡಾಗ, ಅವರದೇ ಇಚ್ಛೆಯಂತೆ, ಅಂತಿಮ ನಮನದ ಭಾಷಣ ಮಾಡಿದವರಲ್ಲಿ ಒಬಾಮರೂ ಇದ್ದರು.

ಲೇಕ್‌ವಿಲ್‌ನ ಸಭ್ಯತೆಯಿಂದ ಮೆಕೇನ್ ಸೋತರೆನ್ನಲಾಗದು. ಅವರನ್ನು ಸೋಲಿಸಿದ್ದರಲ್ಲಿ ಬ್ಯಾಂಕುಗಳ ಕುಸಿತದ, ಬುಷ್ ಆಡಳಿತದ ಮೇಲಿನ ಬೇಸರದ ಪಾಲು ದೊಡ್ಡದು. ಆದರೆ ಸಭ್ಯತೆ ಅವರಿಗೆ ಮತಗಳನ್ನು ತಂದುಕೊಡಲೂ ಇಲ್ಲ. ಮುಂದೆ ಬಂದವರು ನೆನಪಿಟ್ಟುಕೊಂಡದ್ದು ಈ ಎರಡನೆಯ ಸಂಗತಿಯನ್ನು ಮಾತ್ರ ಎಂಬುದು ನನ್ನ ಅಳಲು. 2016ರ ಅಕ್ಟೋಬರ್ ಚರ್ಚೆಯಲ್ಲಿ ಡೊನಾಲ್ಡ್ ಟ್ರಂಪ್, ತಾವು ಅಧಿಕಾರದಲ್ಲಿದ್ದಿದ್ದರೆ ಹಿಲರಿ ಕ್ಲಿಂಟನ್ ಜೈಲಿನಲ್ಲಿರುತ್ತಿದ್ದರು ಎಂದರು. ಫಲಿತಾಂಶವನ್ನು ಒಪ್ಪುವಿರಾ ಎಂದು ಮುಂದಿನ ಚರ್ಚೆಯಲ್ಲಿ ಕೇಳಿದರೆ ಭರವಸೆ ಕೊಡಲಿಲ್ಲ. 2020ರ ಸೋಲನ್ನು ಅವರು ಒಪ್ಪಲೇ ಇಲ್ಲ; 2021ರ ಜನವರಿ 6ರಂದು ಅವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು. 2024ರ ಕೊನೆಯ ವಾರದಲ್ಲಿ, ಟ್ರಂಪ್ ಅವರ ನ್ಯೂಯಾರ್ಕ್ ಸಭೆಯಲ್ಲಿ ಹಾಸ್ಯಗಾರನೊಬ್ಬ ಪೋರ್ಟೊರಿಕೊವನ್ನು ತೇಲುವ ಕಸದ ದ್ವೀಪವೆಂದು ಕರೆದ. ಅದಕ್ಕೆ ಪ್ರತಿಯಾಗಿ ಜೋ ಬೈಡನ್ ಆಡಿದ ಮಾತು ಟ್ರಂಪ್ ಬೆಂಬಲಿಗರನ್ನೇ ಕಸವೆಂದಂತೆ ಕೇಳಿಸಿತು. ತಮ್ಮ ಉದ್ದೇಶ ಅದಲ್ಲವೆಂದು ಅವರು ವಿವರಣೆ ನೀಡಬೇಕಾಯಿತು. ಮರುದಿನ ಟ್ರಂಪ್ ಕಸದ ಲಾರಿಯನ್ನೇ ಏರಿ ಕುಳಿತರು. ದೇಶವೊಂದರ ಭವಿಷ್ಯ ನಿರ್ಧಾರವಾಗುವ ಮುನ್ನ ಚರ್ಚೆಯಾದದ್ದು ಯಾರು ಕಸ ಎಂಬ ಪ್ರಶ್ನೆ! ಗೆದ್ದವರು ಟ್ರಂಪ್, 312 ಎಲೆಕ್ಟೋರಲ್ ಮತಗಳೊಂದಿಗೆ.

ಹಾಗಾದರೆ ಸಭ್ಯತೆಯಿಂದ ಲಾಭವೇನು ಎಂದು ಕೇಳುವವರಿರಬಹುದು. ಮತಪೆಟ್ಟಿಗೆಯಲ್ಲಿ ಅದರ ಲಾಭವನ್ನು ಹುಡುಕುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಎಣಿಕೆ ಮುಗಿದ ಮರುದಿನ ಗೆದ್ದವರೂ ಸೋತವರೂ ಒಂದೇ ಊರಿನಲ್ಲಿ ಬದುಕಬೇಕು. ಪ್ರಚಾರದಲ್ಲಿ ಬಿತ್ತಿದ ಭಯ ಫಲಿತಾಂಶದೊಂದಿಗೆ ಹಿಂದಿರುಗುವುದಿಲ್ಲ. ಅದು ನೆರೆಹೊರೆಯಲ್ಲಿ ಉಳಿಯುತ್ತದೆ. ಇದು ಅಮೆರಿಕಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಎದುರಾಳಿಯ ಜಾತಿ, ಧರ್ಮವನ್ನೆತ್ತಿ ಸಭಿಕನೊಬ್ಬ ಕೂಗಿದಾಗ, ಅವನ ಕೈಯಿಂದ ಮೈಕ್ ತೆಗೆದುಕೊಂಡು ‘ಹಾಗಲ್ಲ’ ಎಂದ ನಾಯಕರನ್ನು ನಮ್ಮ ವೇದಿಕೆಗಳಲ್ಲಿ ನಾವು ಎಷ್ಟು ಬಾರಿ ಕಂಡಿದ್ದೇವೆ? ಕಂಡಾಗ ಅವರಿಗೆ ಮತ ಹಾಕಿದ್ದೇವೆಯೆ?